ಚೀಟಿಯಿಲ್ಲದ ಮೀನಂಗಡಿ

ಬಂದರಿನ ಮೀನು ಮಾರುಕಟ್ಟೆಯಲ್ಲಿ ಎಲ್ಲ ಅಂಗಡಿಯವರೂ ಗಿರಾಕಿಗಳಿಗೆ ಸರದಿಯ ನಂಬರ್ ಚೀಟಿ ಕೊಡುವ ಯಂತ್ರ ಹಾಕಿಸಿಕೊಂಡರು. ಹಾಕಿಸದವಳು ಎರ್ಮಿತಾಸ್ ಒಬ್ಬಳೇ. ಸ್ಪೇನಿನ ಗಲೀಸಿಯಾದ ಆ ಊರಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ವಯಸ್ಸು ಅರವತ್ತಮೂರು. ಅದರಲ್ಲಿ ನಲವತ್ತೆಂಟು ವರ್ಷ ಅಮ್ಮನಿಂದ ಬಂದ ಆ ಮೂಲೆ ಅಂಗಡಿಯಲ್ಲೇ, ಮಂಜುಗಡ್ಡೆಯಲ್ಲಿ ಕೈ ಮರಗಟ್ಟಿಸಿಕೊಂಡು ಕಳೆದಿದ್ದಳು.

"ಚೀಟಿ ಯಾಕ್ರೀ? ನನ್ನ ಗಿರಾಕಿಗಳಿಗೆ ಬಾಯಿಲ್ವಾ?" ಎಂದು ಯಂತ್ರ ತಂದವರನ್ನು ಬಂದ ದಾರಿಗೇ ಅಟ್ಟಿದಳು.

ಅವಳಲ್ಲಿ ನಡೆಯುತ್ತಿದ್ದುದು ಹಳೇ ಪದ್ಧತಿ. ಬಂದವರು "ಕೊನೆಯವರು ಯಾರು?" ಎಂದು ಕೇಳಬೇಕು. ಸರದಿಯ ಕೊನೆಯಲ್ಲಿದ್ದವರು "ನಾನು" ಅನ್ನಬೇಕು. ಅಲ್ಲಿಂದಾಚೆ ಕೇಳಿದವರೇ ಕೊನೆಯವರು. ಆಮೇಲೆ ಬ್ರೆಡ್ ತರಲು ಹೋಗಲಿ, ಕಾಫಿ ಕುಡಿದು ಬರಲಿ, ಅವರ ಸರದಿಯನ್ನು ಯಾರಪ್ಪನೂ ಕಿತ್ತುಕೊಳ್ಳುವಂತಿಲ್ಲ.

ಮಾರುಕಟ್ಟೆಯ ಹೊಸ ಮ್ಯಾನೇಜರ್ ಲಾಮಾಸ್‌ಗೆ ಇದು ಒಂದು ಚೂರೂ ಹಿಡಿಸಲಿಲ್ಲ. "ನೋಡಿಮ್ಮ, ಶುಕ್ರವಾರ ನಾನೇ ಬಂದು ವಿಚಾರಿಸ್ತೀನಿ. ಜನ ಹತ್ತು ನಿಮಿಷಕ್ಕಿಂತ ಹೆಚ್ಚು ಕಾದಿದ್ರೆ ಈ ಮೂಲೆ ಬೇರೆಯವರಿಗೆ," ಎಂದ.

"ಬನ್ನಿ ಸ್ವಾಮಿ, ಧಾರಾಳವಾಗಿ ಬನ್ನಿ. ಬರೋವಾಗ ಚೀಲ ತನ್ನಿ, ಬಂಗುಡೆ ಚೆನ್ನಾಗಿರುತ್ತೆ!"

ಅಂದಳೇನೋ ನಿಜ. ಆದರೆ ಆ ಮೂಲೆ ಹೋದರೆ ಅವಳಿಗೆ ಇನ್ನೇನಿತ್ತು?

ಶುಕ್ರವಾರ ಅಂಗಡಿಯ ಮುಂದೆ ಜನ ಗಿಜಿಗುಡುತ್ತಿದ್ದರು. ಲಾಮಾಸ್ ಹಾಳೆ ಪೆನ್ನು ಹಿಡಿದು ಮೊದಲು ದೊರಿಂದಾ ಎಂಬಾಕೆಯನ್ನು ಕೇಳಿದ, "ಬಂದು ಎಷ್ಟು ಹೊತ್ತಾಯ್ತು?"

"ಈಗ ತಾನೇ ಬಂದೆ." ಬಂದು ಅರ್ಧ ಗಂಟೆಯಾಗಿತ್ತು!

ಮುಂದಿನವಳು ಒಬ್ದುಲಿಯಾ. ತಡವಾಯಿತೆಂದು ಎರ್ಮಿತಾಸಳ ಮೇಲೆ ವಾರವಾರವೂ ಹರಿಹಾಯುವ ಹೆಂಗಸು. ಮುಗೀತು ಕಥೆ ಅಂದುಕೊಂಡಳು ಎರ್ಮಿತಾಸ್. ಚಾಕು ಮೀನಿನ ಹೊಟ್ಟೆಯಲ್ಲೇ ನಿಂತಿತು.

"ನಾನಾ?" ಒಬ್ದುಲಿಯಾ ಕೈಯಲ್ಲಿದ್ದ ಬ್ರೆಡ್ ಎತ್ತಿ ತೋರಿಸಿದಳು. "ನಾನಿನ್ನೂ ಬಂದೇ ಇಲ್ಲಪ್ಪ. ದೊರಿಂದಾಗೆ ಹೇಳಿ ಬ್ರೆಡ್ ತರೋಕೆ ಹೋಗಿದೀನಿ."

ಎಲ್ಲರೂ ಗೊಳ್ಳೆಂದರು. ಲಾಮಾಸ್‌ನ ಮುಖ ಕೆಂಪಗಾಯಿತು.

"ಏನು, ತಮಾಷೆನಾ? ಇಲ್ಲಿ ಕೊನೆಯವರು ಯಾರು? ಅವರನ್ನೇ ಕೇಳ್ತೀನಿ!"

"ನಾನು," ಎಂದಳು ಹಿಂದಿದ್ದ ಮುದುಕಿ. "ಆದ್ರೆ ಈಗ ನೀವು ಕೇಳಿಬಿಟ್ರಲ್ಲ. ಇನ್ನು ನೀವೇ."

ಅವನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. "ಕೊನೆಯವರು ಯಾರು?"

ಎಷ್ಟಾದರೂ ಅದೇ ಊರಿನ ಮೀನು ತಿಂದು ಬೆಳೆದವನು. ಕೈ ತಾನಾಗಿಯೇ ಮೇಲೆದ್ದಿತು. "ನಾನು."

"ಹಾಗಾದ್ರೆ ಸುಮ್ನೆ ನಿಂತ್ಕೊಳ್ಳಿ ಸ್ವಾಮಿ," ಎರ್ಮಿತಾಸ್ ಮತ್ತೆ ಚಾಕು ಆಡಿಸಿದಳು. "ನಿಮ್ಮ ಮುಂದೆ ಹದಿಮೂರು ಜನ ಇದಾರೆ."

ಲಾಮಾಸ್ ಖಾಲಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.