ಬಾಗಿಲಿಗೆ ನೇತುಹಾಕಿದ ಅಂಗಿ

ಹೊಸೂರು ಪಕ್ಕದ ಮೂಕಂಡಪಲ್ಲಿಯ ನಮ್ಮ ಲೈನ್ ಮನೆಗಳಲ್ಲಿ ಒಂದು ಕಾನೂನಿತ್ತು. ನೈಟ್ ಶಿಫ್ಟ್ ಮುಗಿಸಿ ಬಂದ ಗಂಡಸು ಹಗಲು ಮಲಗಿದ್ದರೆ, ಆ ಮನೆಯ ಹೆಂಗಸು ಅವನ ಕಂಪನಿ ಅಂಗಿಯನ್ನು ಹೊರಗಡೆ ಬಾಗಿಲ ಚಿಲಕಕ್ಕೆ ನೇತುಹಾಕಬೇಕು. ಅಂಗಿ ಕಂಡಿತೆಂದರೆ ಎಂಟು ಮನೆಗಳ ಬಾಯಿಯೂ ಬಂದ್. ಮಿಕ್ಸಿ ಇಲ್ಲ, ಟಿವಿ ಇಲ್ಲ, ಒಗೆಯುವ ಕಲ್ಲಿನ ಮೇಲೆ ಧಪಧಪ ಇಲ್ಲ. ಸೊಪ್ಪಿನವಳನ್ನು ಗೇಟಿನ ಹತ್ತಿರವೇ ತಡೆದು ಕೈಸನ್ನೆಯಲ್ಲೇ ವ್ಯಾಪಾರ ಮುಗಿಸುತ್ತಿದ್ದರು. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಸೊಗಸಾಗಿ ಜಗಳವಾಡುವ ನಮ್ಮ ಲೈನಿನವರು ಈ ಒಂದು ವಿಷಯದಲ್ಲಿ ಮಾತ್ರ ತಕರಾರು ತೆಗೆದವರಲ್ಲ. ಒಂದು ಕಾಲಕ್ಕೆ ಎಲ್ಲರ ಮನೆಗೂ ನೈಟ್ ಬರುತ್ತಿತ್ತು. ಈಗ ಮಿಕ್ಕವರೆಲ್ಲ ಹಗಲಿನ ಕೆಲಸಕ್ಕೆ ಬದಲಾಗಿ, ನಮ್ಮ ಮನೆಯೊಂದಕ್ಕೆ ಮೂರು ವಾರಕ್ಕೊಮ್ಮೆ ಉಳಿದಿತ್ತು. ಆದರೂ ಕಾನೂನು ಸಡಿಲವಾಗಿರಲಿಲ್ಲ.

ಅದನ್ನು ಮುರಿದವಳು ನಾನು. ಯಾಕೆ ಮುರಿದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೈಯುವವರು ಬೈಯಬಹುದು.

ನಾನು ಡೆಂಕಣಿಕೋಟೆ ಕಡೆಯ ಹಳ್ಳಿಯವಳು. ಕನ್ನಡ ಶಾಲೆಯಲ್ಲಿ ಓದಿದೆ. ಮದುವೆಗೆ ಮುಂಚೆ ಎರಡು ವರ್ಷ ಬಾಗಲೂರಿನ ಹತ್ತಿರದ ರೋಜಾ ತೋಟದಲ್ಲಿ ಹೂವು ಕೊಯ್ದೆ. ಕೊಯ್ಯುವ ಹೆಂಗಸರ ಮಾತು, ನಗು, ಹೊಟ್ಟೆಕಿಚ್ಚು ಎಲ್ಲವೂ ಇಪ್ಪತ್ತು ವರ್ಷ ನನ್ನ ತಲೆಯಲ್ಲಿ ಕುಳಿತಿದ್ದವು. ಮಗಳು ಕೃಷ್ಣಗಿರಿಯ ಹಾಸ್ಟೆಲಿಗೆ ಹೋದ ವರ್ಷ ನೋಟ್‌ಬುಕ್ ತೆಗೆದು ಒಂದು ಕಾದಂಬರಿ ಶುರುಮಾಡಿದೆ. ಮೊದಲ ಮೂವತ್ತು ಪುಟ ಓದಿದ ಬೆಂಗಳೂರಿನ ಪ್ರಕಾಶಕರೊಬ್ಬರು ಫೋನ್ ಮಾಡಿ, "ಚೆನ್ನಾಗಿದೆ ಅಮ್ಮಾ, ಯುಗಾದಿಯೊಳಗೆ ಪೂರ್ತಿ ಕೊಡಿ. ಅದಕ್ಕಿಂತ ತಡವಾದರೆ ನಾನು ಮಾತು ಕೊಡಲಾರೆ" ಅಂದರು. ಆಗ ದಸರಾ ಕಳೆದಿತ್ತಷ್ಟೆ. ಐದು ತಿಂಗಳಿದೆ, ನೀರು ಕುಡಿದಷ್ಟು ಸುಲಭ ಎಂದುಕೊಂಡೆ.

ಎಲ್ಲಿಯ ಸುಲಭ! ಒಂದು ವಾಕ್ಯ ಬರೆಯುವಷ್ಟರಲ್ಲಿ ಪಕ್ಕದ ಮನೆಯ ಮಿಕ್ಸಿ. ಎರಡನೆಯ ವಾಕ್ಯಕ್ಕೆ "ಅಕ್ಕಾ, ಒಂದ್ ಲೋಟ ಸಕ್ಕರೆ". ಮೂರನೆಯದಕ್ಕೆ ನೀರು ಬಂತು ಎಂಬ ಕೂಗು. ನನಗೋ ಮೂಗಿನ ತುದಿಯಲ್ಲೇ ಕೋಪ. ನೋಟ್‌ಬುಕ್ ಕಂಕುಳಿಗೆ ಸಿಕ್ಕಿಸಿಕೊಂಡು ಹೊಸೂರಿನ ಬೆಟ್ಟದ ಗುಡಿಗೆ ಹೋದೆ, ಅಲ್ಲಿ ಮೈಕು. ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ನನ್ನ ಬರಹವನ್ನು ಬಗ್ಗಿ ನೋಡಿ, "ಕನ್ನಡಮಾ? ಇಂಗೆ ಯಾರ್‌ಮ್ಮಾ ಪಡಿಪ್ಪಾಂಗ?" ಎಂದರು. ಇಲ್ಲಿ ಅದನ್ನು ಯಾರು ಓದುತ್ತಾರೆ ಎಂದು ಕೇಳಿದ್ದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೂ ನನಗೆ ಮೈ ಉರಿದು, ಅವತ್ತು ಒಂದಕ್ಷರವೂ ಇಳಿಯಲಿಲ್ಲ.

ತಪ್ಪು ನಮ್ಮ ಮನೆಯಲ್ಲೂ ಇತ್ತೇನೋ ಎಂದು ಒಳಕೋಣೆಯನ್ನು ಖಾಲಿ ಮಾಡಿದೆ. ಹಳೆಯ ಟಿವಿ, ಮುರಿದ ಕುರ್ಚಿ, ಯಾವತ್ತೋ ಬೇಕಾಗುತ್ತದೆಂದು ಕೂಡಿಟ್ಟ ಡಬ್ಬಿಗಳು, ಯಾರೂ ಉಡದ ಸೀರೆಗಳ ಗಂಟು, ಎಲ್ಲವನ್ನೂ ಹೊರಗೆ ಸಾಗಿಸಿದೆ. ಉಳಿದದ್ದು ಒಂದು ಚಾಪೆ, ಒರಗುವುದಕ್ಕೆ ರಾಗಿ ಮೂಟೆ, ತೊಡೆಯ ಮೇಲೆ ಇಟ್ಟುಕೊಳ್ಳಲು ಒಂದು ಹಲಗೆ. ನಮ್ಮನೆಯವರು ಬಂದು ನೋಡಿ, "ಇನ್ನು ನಾನೊಬ್ಬ ಉಳ್ದಿದೀನಿ, ನನ್ನೂ ಹೊರಗ್ ಹಾಕ್ತೀಯಾ?" ಎಂದರು. ಆ ಬೋಳು ಕೋಣೆಯಲ್ಲಿ ಕುಳಿತ ಮೊದಲ ದಿನ ನನಗೆ ಎಂಥ ಹಿತವಾಯಿತೆಂದರೆ, ಇಷ್ಟು ವರ್ಷ ಆ ಡಬ್ಬಿಗಳನ್ನು ಯಾರಿಗಾಗಿ ಒರೆಸುತ್ತಿದ್ದೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಕೋಣೆ ಸಿಕ್ಕಿತು, ಸದ್ದು ಹೋಗಲಿಲ್ಲ. ನೈಟ್ ವಾರಗಳಲ್ಲಿ ಒಂದಿಷ್ಟು ಇಳಿದರೂ, ಹಾಗೂ ಹೀಗೂ ತಿಂಗಳುಗಳು ಕಳೆದು ಯುಗಾದಿಗೆ ಒಂದು ತಿಂಗಳಿರುವಾಗ ಇನ್ನೂ ಅರ್ಧ ಪುಸ್ತಕ ಬಾಕಿ. ಆಗ ನಮ್ಮನೆಯವರಿಗೆ ಮತ್ತೆ ನೈಟ್ ವಾರ ಬಂತು. ಅವರು ಮುಂದಿನ ಕೋಣೆಯಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಹೊರಗೆ ಚಿಲಕದಲ್ಲಿ ನೀಲಿ ಅಂಗಿ. ಲೈನಿಗೆ ಲೈನೇ ಉಸಿರು ಬಿಗಿಹಿಡಿದಿತ್ತು. ಆರು ದಿನದಲ್ಲಿ ಮೂರು ಅಧ್ಯಾಯ ಮುಗಿಸಿದೆ. ನನ್ನ ಕೈ ನನ್ನದೇ ಎಂದು ನನಗೆ ನಂಬಿಕೆಯಾಗಲಿಲ್ಲ.

ಸೋಮವಾರದಿಂದ ಅವರಿಗೆ ಫಸ್ಟ್ ಶಿಫ್ಟ್. ಬೆಳಿಗ್ಗೆ ಐದಕ್ಕೆ ಹೋದರೆ ಬರುವುದು ಮೂರೂವರೆಗೆ. ಇನ್ನು ಗಲಾಟೆಯೇ ಗತಿ ಎಂದುಕೊಂಡು ಅವತ್ತು ಹತ್ತು ಗಂಟೆಗೆ ಕುಳಿತೆ. ಹತ್ತೂವರೆಯಾಯಿತು, ಹನ್ನೊಂದಾಯಿತು, ಸದ್ದೇ ಇಲ್ಲ. ಎದ್ದು ಬಾಗಿಲು ತೆರೆದರೆ, ಶನಿವಾರ ಹಾಕಿದ ಅಂಗಿಯನ್ನು ಒಳಗೆ ತೆಗೆದುಕೊಳ್ಳಲು ಮರೆತಿದ್ದೆ. ಎದುರು ಮನೆಯವಳು ಪಾತ್ರೆಗಳನ್ನು ಒಂದರ ಮೇಲೊಂದು ಮೆತ್ತಗೆ ಇಡುತ್ತಾ, ತುಟಿಯ ಮೇಲೆ ಬೆರಳಿಟ್ಟು ನನಗೇ ಸುಮ್ಮನಿರು ಎಂದಳು.

ಅಂಗಿ ತೆಗೆಯಬೇಕಿತ್ತು. ತೆಗೆಯಲಿಲ್ಲ. ಬಾಗಿಲು ಮುಚ್ಚಿ ಒಳಗೆ ಬಂದು ಕುಳಿತೆ.

ನಮ್ಮದು ಲೈನಿನ ಕೊನೆಯ ಮನೆ. ಹಿಂಬಾಗಿಲು ಬೇರೆ ಬೀದಿಗೆ ತೆರೆಯುತ್ತದೆ, ಬೈಕು ನಿಲ್ಲುವುದೂ ಅಲ್ಲೇ. ನಮ್ಮನೆಯವರು ಹೋಗುವುದು ಬರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಯಾರದೋ ರಜೆಯ ದೆಸೆಯಿಂದ ಅವರಿಗೆ ಆ ಸಲ ಎರಡು ವಾರ ಸತತವಾಗಿ ಫಸ್ಟ್ ಶಿಫ್ಟೇ ಬಿತ್ತು. ದಿನಾ ಎಂಟಕ್ಕೆ ಅಂಗಿ ಹಾಕುವುದು, ಎರಡಕ್ಕೆ ತೆಗೆಯುವುದು. "ಈ ಸಲ ನೈಟ್ ಮುಂದುವರೀತಾ ಐತೆ" ಎಂದು ನಲ್ಲಿಯ ಹತ್ತಿರ ಒಂದು ಸುಳ್ಳನ್ನೂ ಬಿಸಾಕಿದೆ. ನಾಚಿಕೆಯಾಯಿತೇ ಎಂದರೆ, ಆಗ ಆಗಲಿಲ್ಲ. ಕದ್ದ ಮೌನದಲ್ಲಿ ನನ್ನ ಹೂವಿನ ಹೆಂಗಸರು ಎದ್ದು ಓಡಾಡುತ್ತಿದ್ದರು. ನನಗೆ ಅಷ್ಟೇ ಬೇಕಾಗಿತ್ತು.

ಎರಡನೆಯ ವಾರದ ಶುಕ್ರವಾರ ಪೆನ್ನಿನ ರೀಫಿಲ್ ಮುಗಿಯಿತು. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಹಿಂಬಾಗಿಲಿನಿಂದ ಅಂಗಡಿಗೆ ಹೊರಟೆ. ದಾರಿಯಲ್ಲಿರುವ ಬಸ್ ಸ್ಟಾಪಿನ ಶೀಟಿನ ಕೆಳಗೆ ನಮ್ಮ ಗೋಡೆ ಪಕ್ಕದ ಮನೆಯ ಮುದುಕಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ನಡೆಯುತ್ತಿದ್ದರು. ಅವರದು ತೆಲುಗು ಮನೆ, ಲೈನಿಗೆಲ್ಲ ಅವರು ಪೆದ್ದಮ್ಮ, ಎಂದರೆ ದೊಡ್ಡಮ್ಮ. ಮಗಳು ಗಡಿಯಾರದ ಫ್ಯಾಕ್ಟರಿಗೆ ಹೋಗುತ್ತಾಳೆ, ಹತ್ತು ತಿಂಗಳ ಕೂಸು ಇವರ ಕೈಲಿ. ಮಂಡಿನೋವಿನಿಂದ ಕಾಲು ಎಳೆದುಕೊಂಡು ನಡೆಯುತ್ತಿದ್ದರು, ಮುಖವೆಲ್ಲ ಬೆವರು.

"ಬಿಸ್ಲಲ್ಲಿ ಎಲ್ಲಿಗವ್ವಾ ಹೊಂಟೆ? ಎದ್ದ್‌ಬುಟ್ನಾ ನಿಮ್ಮನೆಯವ್ನು?" ಎಂದರು.

"ಇಲ್ಲ ಪೆದ್ದಮ್ಮಾ. ನೀವ್ಯಾಕೆ ಇಲ್ಲಿ?"

"ಪಾಪಂಗೆ ಹಲ್ಲ್ ಬತ್ತಾವೆ ಕಣವ್ವಾ, ಒಂದೇ ಸಮ ಅಳ್ತದೆ. ಗ್ವಾಡೆ ಪಕ್ದಲ್ಲೇ ಅವ್ನು ಮನಿಕ್ಕಂಡಿರ್ತಾನಲ್ಲ, ಅದ್ಕೇ ದಿನಾ ಇಲ್ಲಿಗ್ ಎತ್ಕೊಂಬತ್ತೀನಿ. ನಿದ್ದೆಗೆಟ್ಟು ಮಿಷಿನ್ ಮುಂದೆ ನಿಂತ್ರೆ ಏನಾಯ್ತದೆ ಅಂತ ನಂಗ್ ಗೊತ್ತು. ನಮ್ಮೆಜಮಾನ್ರದು ಎರಡ್ ಕೈಬೆಳ್ಳು ಹಂಗೇ ಅಲ್ವಾ ಹೋಗಿದ್ದು. ಅವತ್ತಿಂದ್ಲೇ ನಾನು ಅಂಗಿ ಹಾಕೋದ್ ಶುರು ಮಾಡಿದ್ದು."

ಹದಿನೈದು ವರ್ಷದಿಂದ ಆ ಲೈನಿನಲ್ಲಿದ್ದೇನೆ, ಕಾನೂನು ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ. ಹನ್ನೊಂದು ದಿನ ಆ ಹೆಂಗಸು ಕೂಸನ್ನು ಹೊತ್ತು ಬಿಸಿಲಿನಲ್ಲಿ ನಡೆದಿದ್ದರು, ಗೋಡೆಯಾಚೆ ಯಾರೂ ಮಲಗಿರಲಿಲ್ಲ. ರೀಫಿಲ್ ತರಲಿಲ್ಲ. ಕೂಸನ್ನು ಅವರಿಂದ ಇಸಿದುಕೊಂಡು ಮನೆಗೆ ನಡೆದೆ. ಬಂದವಳೇ ಅಂಗಿಯನ್ನು ಕಿತ್ತು ಒಳಗೆ ಹಾಕಿದೆ.

ಅವತ್ತು ಸಾಯಂಕಾಲ ನಾಲ್ಕಕ್ಕೆ ನೀರು ಬಂದಾಗ ನಲ್ಲಿಯ ಹತ್ತಿರ ಎಲ್ಲರ ಮುಂದೆ ಹೇಳಿಬಿಟ್ಟೆ. ನೈಟ್ ಇರಲಿಲ್ಲ, ನಾನು ಬರೆಯುವುದಕ್ಕೋಸ್ಕರ ಅಂಗಿ ಹಾಕಿದ್ದೆ ಎಂದೆ. ಕೊಡ ತುಂಬಿ ಹರಿಯುತ್ತಿದ್ದರೂ ಯಾರೂ ನಲ್ಲಿ ತಿರುಗಿಸಲಿಲ್ಲ.

"ಹತ್ತ್ ದಿನದಿಂದ ಚಟ್ನಿ ಕಲ್ಲಲ್ಲಿ ಅರೀತಾ ಇದೀನಲ್ಲಕ್ಕಾ! ರಟ್ಟೆ ಬಿದ್ದೋಯ್ತು ನಂದು!" ಎಂದಳು ಎದುರು ಮನೆಯವಳು.

ಪೆದ್ದಮ್ಮ ಮಾತ್ರ ಕೂಗಾಡಲಿಲ್ಲ. "ನನ್ ಮಂಡಿ ಸವೆಸ್‌ಬುಟ್ಟು ಕತೆ ಬರ್ಕೊಂಡ್ ಕೂತಿದ್ಯೇನೇ?" ಎಂದು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎದುರು ಮನೆಯವಳ ಬೈಗುಳ ತಡೆದುಕೊಂಡೆ, ಈ ಮಾತು ತಡೆಯಲಾಗಲಿಲ್ಲ. ರಾತ್ರಿ ಅಡುಗೆಯನ್ನೂ ಮಾಡಲಿಲ್ಲ. ವಿಷಯ ತಿಳಿದ ನಮ್ಮನೆಯವರು, "ನಂಗಿಲ್ದಿರೋ ಮರ್ಯಾದೆ ನನ್ ಅಂಗಿಗ್ ಐತೆ ಅನ್ನು" ಎಂದು ನಕ್ಕು ತಾವೇ ಅನ್ನಕ್ಕಿಟ್ಟರು.

ಮರುದಿನದಿಂದ ಲೈನು ಸೇಡು ತೀರಿಸಿಕೊಂಡಿತು. ಏಳೂ ಮನೆಗಳಲ್ಲಿ ಏಳು ಟಿವಿ. ಎದುರು ಮನೆಯವಳು ಏನೂ ಇಲ್ಲದೆಯೂ ಮಿಕ್ಸಿ ತಿರುಗಿಸಿದಳೆಂದು ನನಗೆ ಈಗಲೂ ಅನುಮಾನ. ಯುಗಾದಿಗೆ ಹತ್ತು ದಿನ ಉಳಿದಿತ್ತು, ಕೊನೆಯ ಅಧ್ಯಾಯ ಉಳಿದಿತ್ತು, ಮತ್ತು ನನಗೆ ಅದನ್ನು ಬರೆಯುವ ಯೋಗ್ಯತೆಯೇ ಇಲ್ಲ ಎನ್ನಿಸಿತ್ತು. ಪುಸ್ತಕ ಕೈಬಿಡುವುದೆಂದು ತೀರ್ಮಾನಿಸಿ ಹಲಗೆಯನ್ನು ಎತ್ತಿ ಅಟ್ಟಕ್ಕೆ ಹಾಕಿದೆ.

ಮೂರನೆಯ ದಿನ ಪೆದ್ದಮ್ಮ ಕೂಸಿನ ಸಮೇತ ನಮ್ಮ ಮನೆಗೆ ಬಂದು ಬೋಳು ಕೋಣೆಯ ಚಾಪೆಯ ಮೇಲೆ ಕಾಲು ನೀಡಿ ಕುಳಿತರು.

"ಏನ್ ಬರ್ದೆ, ಓದು."

"ಪೆದ್ದಮ್ಮಾ, ಅದು..."

"ನಂಗ್ ಓದಕ್ ಬರಕ್ಕಿಲ್ಲ, ಕೇಳಕ್ ಬತ್ತದೆ. ಹನ್ನೊಂದ್ ದಿನ ಬಿಸ್ಲಲ್ಲಿ ನಡ್ದಿದೀನಿ. ಎಂಥಾದ್ದಕ್ಕೆ ನಡ್ದೆ ಅಂತ ನಂಗ್ ಗೊತ್ತಾಗ್ಬೇಕು."

ಓದಿದೆ. ನಸುಕಿನ ಚಳಿಯಲ್ಲಿ ಹೂವು ಕೊಯ್ಯುವ ಹೆಂಗಸರು, ಅವರಲ್ಲಿ ಒಬ್ಬಳು ಮೇಸ್ತ್ರಿಯ ಮೇಲೆ ಬುಟ್ಟಿ ಮಗುಚಿದ ಭಾಗಕ್ಕೆ ಬರುವಷ್ಟರಲ್ಲಿ ಬಾಗಿಲಿನಲ್ಲಿ ಎದುರು ಮನೆಯವಳು ನಿಂತಿದ್ದಳು. ಅವಳ ಹಿಂದೆ ಇನ್ನೂ ಮೂವರು. ಯಾರ ಮನೆಯದೋ ಕುಕ್ಕರ್ ಕೂಗಿತು. ಅವರಲ್ಲೊಬ್ಬಳು ಓಡಿಹೋಗಿ ಆರಿಸಿ ಬಂದು, "ಬುಟ್ಟಿ ಮಗುಚಿದ್ಮ್ಯಾಲೆ?" ಎಂದಳು. ಒಂದೂಕಾಲು ಗಂಟೆ ಓದಿದೆ. ಯಾರೂ ಕದಲಲಿಲ್ಲ. ನಿಲ್ಲಿಸಿದಾಗ ಎದುರು ಮನೆಯವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ, "ಮುಳ್ಳು ಚುಚ್ದಂಗೆ ಬೆರಳ್ಗೆ ಟ್ಯೂಬ್ ರಬ್ಬರ್ ಸುತ್ಕೊತಿದ್ವಲ್ಲ, ಅದನ್ನ್ ಬಿಟ್ಟಿದೀಯ ನೀನು" ಎಂದಳು. ಅವಳೂ ರೋಜಾ ತೋಟದವಳೆಂದು ನನಗೆ ಗೊತ್ತಾದದ್ದೇ ಅವತ್ತು.

"ಬಾಕಿ ಎಷ್ಟೈತೆ?" ಎಂದರು ಪೆದ್ದಮ್ಮ.

"ಒಂದು ಅಧ್ಯಾಯ. ಆದ್ರೆ ನಾನು ಬರೆಯೋದು ಬಿಟ್ಟೆ."

"ಬಿಡಕ್ಕೆ ನೀನ್ಯಾರು?" ಎಂದರು. ಮುಖ ಕೆಂಪಾಗಿತ್ತು. "ನಿದ್ದೆ ಮಾಡೋನ್ಗೆ ಬಾಯ್ ಮುಚ್ಕೊಂಡಿರೋರು ನಾವು, ಕೆಲ್ಸ ಮಾಡೋಳ್ಗೆ ಇರಕ್ಕಿಲ್ವಾ? ಬಾಯ್ ಬಿಟ್ಟು ಕೇಳ್ಬೇಕಾಗಿತ್ತು, ಅಷ್ಟೇಯ."

ಅಲ್ಲಿಯೇ ತೀರ್ಮಾನವಾಯಿತು. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಲೈನು ಸುಮ್ಮನಿರುವುದು, ಬರೆದದ್ದನ್ನು ನಾಲ್ಕಕ್ಕೆ ನಾನು ಓದಿ ಹೇಳುವುದು. ನಾನೂ ಒಂದು ಷರತ್ತು ಹಾಕಿದೆ. ಕೂಸು ಅತ್ತರೆ ಅಳಲಿ, ಪೆದ್ದಮ್ಮ ಹೊಸ್ತಿಲು ದಾಟಬಾರದು. ಹಾಗೆ ಆ ಕೊನೆಯ ಅಧ್ಯಾಯವನ್ನು ಗೋಡೆಯಾಚೆಯ ಅಳುವಿನ ಜೊತೆಯಲ್ಲೇ ಬರೆದೆ. ಆಶ್ಚರ್ಯವೆಂದರೆ ಅದು ನನಗೆ ಒಮ್ಮೆಯೂ ತೊಂದರೆ ಕೊಡಲಿಲ್ಲ. ಮಿಕ್ಸಿಗೆ ಕೆಂಡವಾಗುತ್ತಿದ್ದವಳು ನಾನೇನಾ ಎನ್ನಿಸುತ್ತಿತ್ತು. ಫೋನನ್ನೂ ಆ ಮೂರು ಗಂಟೆ ಪೆದ್ದಮ್ಮನ ಕೈಗೇ ಕೊಟ್ಟಿರುತ್ತಿದ್ದೆ.

ಯುಗಾದಿಗೆ ಎರಡು ದಿನ ಇರುವಾಗ, ಒಂದು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು, ಕೊನೆಯ ವಾಕ್ಯಕ್ಕೆ ಚುಕ್ಕೆ ಇಟ್ಟೆ. ಎದ್ದು ಹೊರಗೆ ಬಂದೆ. ಕುಣಿಯಬೇಕೆನ್ನಿಸಿತು, ಕುಣಿಯುವ ವಯಸ್ಸಲ್ಲ ಎಂದು ಸುಮ್ಮನೆ ಕೈ ಮೇಲೆತ್ತಿ ನಿಂತೆ. ಪೆದ್ದಮ್ಮ ತಮ್ಮ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದರು.

"ಬೆಂಗ್ಳೂರಿಂದ ಯಾರೋ ಮಾಡಿದ್ರು, ಪುಸ್ತಕ್ದೋರಂತೆ" ಎಂದರು, ಮೊರದಿಂದ ಕಣ್ಣು ತೆಗೆಯದೆ. "ಅರ್ಜೆಂಟು ಅಂದ್ರು."

ಐದು ತಿಂಗಳಿನಿಂದ ಆ ಫೋನಿಗೆ ಹೆದರಿಕೊಂಡು ಬದುಕಿದ್ದೆ.

"ಕರೀಬಾರ್ದಾಗಿತ್ತಾ ಪೆದ್ದಮ್ಮಾ! ಏನ್ ಹೇಳಿದ್ರಿ?"

"ಇನ್ನೇನ್ ಹೇಳ್ಲಿ? ಅವ್ರು ಡ್ಯೂಟೀಲವ್ರೆ, ಈಗ ಕರೆಯಂಗಿಲ್ಲ, ಒಂದ್ ಗಂಟೆ ಮ್ಯಾಲೆ ಮಾಡಿ ಅಂದೆ."

ಹದಿನೈದು ವರ್ಷ ಆ ಲೈನಿನಲ್ಲಿ ಡ್ಯೂಟಿ ಎಂಬುದು ಗಂಡಸರಿಗೆ, ಫ್ಯಾಕ್ಟರಿ ಬಸ್ಸು ಹತ್ತುವವರಿಗೆ ಮಾತ್ರ ಇದ್ದ ಮಾತು. ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಅಳು ಬಂತು, ಅಡಗಿಸಿಕೊಳ್ಳಲಿಲ್ಲ.

ಒಂದು ಗಂಟೆ ಐದು ನಿಮಿಷಕ್ಕೆ ಪ್ರಕಾಶಕರೇ ಮತ್ತೆ ಫೋನ್ ಮಾಡಿದರು. "ಡ್ಯೂಟಿ ಮುಗಿಯಿತೇ ಅಮ್ಮಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ಮುಗೀತು ಸಾರ್" ಎಂದೆ. "ನಾಳೆ ಬೆಳಿಗ್ಗೆ ಬಸ್ಸಿಗೆ ನಾನೇ ತರ್ತೀನಿ."