ಇಬ್ಬರೇ ಮಲಗುವ ಸೋಫಾ

ಸೋಫಾ-ಕಮ್-ಬೆಡ್ಡಿನ ಅಡಿಗೆ ತೂರಿದ್ದ ಕಂಪನಿಯ ಮೆಕ್ಯಾನಿಕ್ ತಲೆ ಹೊರಹಾಕಿ ಕೇಳಿದ: "ಅಕ್ಕಾರ, ಇದರ ಮ್ಯಾಲ ಎಷ್ಟ ಮಂದಿ ಮಲಗತಾರ್ರೀ?"

"ಇಬ್ಬರೇ," ಎಂದೆ. ಎಪ್ಪತ್ತರ ದಶಕದ ಮಾತು. ವಿಕ್ರೋಳಿಯ ಚಾಳಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಆಗ, ಹೊಟೇಲ್ ಕೆಲಸ ಹುಡುಕಿಕೊಂಡು ಉಡುಪಿಯಿಂದ ಬಂದಿದ್ದ ಐವರು ನೆಂಟರು ಗೋಡೆಗೊರಗಿ ಚಹಾ ಕುಡಿಯುತ್ತಿದ್ದರು. ಕೊಂಡ ಆರೇ ತಿಂಗಳಿಗೆ ಸೋಫಾದ ಸ್ಪ್ರಿಂಗ್ ಕಳಚಿತ್ತು. ಗ್ಯಾರಂಟಿ ಎರಡು ವರ್ಷದ್ದು.

ಬಿಜಾಪುರದ ಕಡೆಯ ಆತ ಗ್ಯಾರಂಟಿ ಕಾರ್ಡು ಓದಿದ: ಮನೆ ಬಳಕೆಗೆ ಮಾತ್ರ. ನೆಂಟರನ್ನು ಒಬ್ಬೊಬ್ಬರಾಗಿ ನೋಡಿ, "ಇದು ಮನಿ ಅಲ್ರಿ, ಧರ್ಮಶಾಲಾ ಐತಿ. ಗ್ಯಾರಂಟಿ ನಡ್ಯಾಂಗಿಲ್ಲ," ಎಂದ. ನೆಂಟರು ಮೆಲ್ಲನೆ ಬಾಗಿಲಾಚೆಯ ಗ್ಯಾಲರಿಗೆ ಸರಿದರು. ನಾನು ಒಲೆ ಹಚ್ಚಿ ನೀರ್ದೋಸೆ ಹೊಯ್ದೆ. ಆರು ದೋಸೆ ತಿಂದವನು ನಕ್ಕು, ಹೊಸ ಸ್ಪ್ರಿಂಗಿನ ಜೊತೆಗೆ ಕಬ್ಬಿಣದ ಪಟ್ಟಿಯೊಂದನ್ನೂ ಬಿಗಿದು ಹೋದ.

ಮುಂದಿನ ತಿಂಗಳು ಟ್ರಂಕು ಹೊತ್ತ ಅಪರಿಚಿತನೊಬ್ಬ ಬಾಗಿಲಲ್ಲಿ ನಿಂತು ಚೀಟಿ ಕೊಟ್ಟ. ಮೆಕ್ಯಾನಿಕ್ ಬರೆದಿದ್ದ: "ಇಂವ ನಮ್ಮ ಅಕ್ಕನ ಮಗ. ಕೆಲಸ ಸಿಗೋತನಕಾ ಇಟ್ಕೋರಿ ಅಕ್ಕಾರ. ಸೋಫಾ ತಡೀತೈತಿ, ಅದಕ್ಕ ನಂದ ಗ್ಯಾರಂಟಿ."