ಗೌರಕ್ಕ ನಕ್ಕರೆ ಉಳಿಯುತ್ತಿದ್ದ ಬೊಂಬೆಗಳು

ಬುಕ್ಕಾಪಟ್ಟಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ಮೂಡಲಗಿರಿಯಪ್ಪ ಹಸಿ ಸಿಮೆಂಟಿನ ಮುಖವೊಂದಕ್ಕೆ ಹೆಬ್ಬೆರಳಿನಿಂದ ಕೆನ್ನೆ ಕೂರಿಸುತ್ತಿದ್ದಾರೆ. ಅದು ಅವರ ಹೆಂಡತಿ ಗೌರಕ್ಕನ ಮುಖ. ನಾಡಿದ್ದು ಆಕೆಯ ವರ್ಷದ ತಿಥಿ. ಅಷ್ಟರಲ್ಲಿ ಹೊಲದ ಸಮಾಧಿಯ ಮೇಲೆ ಇದು ಕೂರಬೇಕು.

ಸತ್ತವರಿಗೆ ಹೊಲದಲ್ಲೇ ಸಮಾಧಿ ಕಟ್ಟಿಸಿ ಪ್ರತಿಮೆ ಇಡಿಸುವವರು ಈ ಕಡೆ ಇದ್ದಾರೆ. ಅರವತ್ತೆಂಟರ ಮೂಡಲಗಿರಿಯಪ್ಪನವರ ಹೊಟ್ಟೆಪಾಡು ಅದೇ. "ಎಂಥಾ ಮೂದೇವಿನಾದ್ರೂ ಸತ್ಮೇಲೆ ದೇವ್ರಂಗೆ ಮಾಡ್ಕೊಡ್ಬೇಕು ಸಾ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದಿರುವ ನನಗೆ. ಆ ಸಿಟ್ಟನ್ನೆಲ್ಲ ಅವರು ತೀರಿಸಿಕೊಳ್ಳುವುದು ಅಂಗಳದಲ್ಲಿ. ಅಲ್ಲಿ ಕುರ್ಚಿ ತುಂಬ ಬರೀ ಹೊಟ್ಟೆ, ತಲೆಯೇ ಇಲ್ಲದ ಒಬ್ಬ ಸಿಮೆಂಟಿನ ಅಧ್ಯಕ್ಷ ಕೂತಿದ್ದಾನೆ. ಹಳೇ ಬಾಗಿಲ ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಗ್ರಾಮಸಭೆಯಿದೆ: ಹಾರ ಬಿದ್ದಿರುವುದು ಮೈಕಿಗೆ, ಜನರೆಲ್ಲ ಕುರ್ಚಿಗಳ ಕೆಳಗೆ. ಯಾವ ಗ್ಯಾಲರಿಯೂ ಇವನ್ನು ಕಂಡಿಲ್ಲ. ಹಿತ್ತಲ ಗಿಡ ಮದ್ದಲ್ಲ, ಊರಿಗೂ ಇವರ ಬೆಲೆ ತಿಳಿದಿಲ್ಲ. ಹೊಟ್ಟೆಯ ಅಧ್ಯಕ್ಷನಿಗೆ ಯಾರೋ ದೇವರೆಂದುಕೊಂಡು ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದು ಹೋಗಿದ್ದಾರೆ.

ಅರ್ಥ ಮಾಡಿಕೊಂಡವರು ಗೌರಕ್ಕ ಒಬ್ಬರೇ. ಕುರಿ ಹಿಂದೆ ಅಲೆದ ಹೆಣ್ಣುಮಗಳು, ಶಾಲೆ ಕಂಡವರಲ್ಲ. ಪ್ರತಿ ಬೊಂಬೆ ಮುಗಿದಾಗಲೂ ಗಂಡ ಮೊದಲು ಆಕೆಯನ್ನು ಕರೆಯುತ್ತಿದ್ದರು. ಆಕೆ ನಕ್ಕರೆ ಬೊಂಬೆ ಉಳಿಯುತ್ತಿತ್ತು. ನಗದಿದ್ದರೆ ಸಿಮೆಂಟು ಆರುವ ಮೊದಲೇ ಕರಣೆಯಲ್ಲಿ ಕೆರೆದು ಹಾಕುತ್ತಿದ್ದರು.

"ಒಂದ್ಸಲನೂ ಸುಳ್ಳು ನಗು ನಗ್ಲಿಲ್ಲ ಸಾ ಅವ್ಳು. ಸಾಯೋಕೆ ಮುಂಚೆ ಯೇಳಿದ್ಲು, ‘ನನ್ನ ಲಕ್ಷ್ಮೀದೇವಿ ಮಾಡ್ಬುಟ್ಟೀಯ, ನೋಡಿದೋರು ನಗಂಗೆ ಮಾಡು’ ಅಂತ."

ಆಕೆ ಹೋದ ಮೇಲೆ ಅಂಗಳಕ್ಕೆ ಹೊಸ ಬೊಂಬೆ ಬಂದಿಲ್ಲ. ಕಾಫಿ ತಂದಿಟ್ಟ ಗೌರಕ್ಕನ ತಂಗಿ ಸರೋಜಮ್ಮ ಬಾಗಿಲಲ್ಲೇ ನಿಂತು, "ಈ ಮುಖಾನೂ ಎಷ್ಟು ಸಲ ಮಾಡಿ ಕೆರೆದ್ರೋ. ಸರಿಯಾಗೈತೆ ಅಂತ ಭಾವಂಗೆ ಯೇಳೋರು ಯಾರವ್ರೆ?" ಎನ್ನುತ್ತಾರೆ. ನೋಡುವುದಕ್ಕೂ ಆಗದೆ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ.

ಬಿಸಿಲೇರುವ ಹೊತ್ತಿಗೆ ಬಾಯಿ ಮುಗಿಯುತ್ತದೆ. ಮುಂದಿನ ಎರಡು ಹಲ್ಲಿಲ್ಲದ, ಒಂದು ಕಣ್ಣು ಮುಚ್ಚಿ ಎದುರಿಗಿದ್ದವರನ್ನು ಅಣಕಿಸುವ ಹೆಂಗಸು. ಮೂಡಲಗಿರಿಯಪ್ಪ ಅವಳನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ನಾನು ನಗಬೇಕು, ಗೊತ್ತು. ಹಾಳಾದ ಕಣ್ಣು ತುಂಬಿಬಿಡುತ್ತದೆ.

"ನೀವೂ ಅತ್ಬುಟ್ರಲ್ಲ ಸಾ," ಎಂದು ಅವರು ಮೆಲ್ಲಗೆ ಕರಣೆ ಕೈಗೆತ್ತಿಕೊಳ್ಳುತ್ತಾರೆ.